ಅತ್ತೆಯ ಕೌದಿಯಡಿ ಉಳಿದ ಚಿತ್ರಕಥೆಗಳು

ಅಕ್ಕವ್ವ, ತಮ್ಮಣ್ಣ,

ಹೋದ ದೀಪಾವಳಿ ರಜೆಗೆ ಕೊಪ್ಪಳದಿಂದ ಬಂದಾಗ ನೀವು ದಪ್ಪನೆಯ ಚಿತ್ರದ ಪುಸ್ತಕಗಳನ್ನು ತಂದಿದ್ದಿರಿ. ಅವಕ್ಕೆ ಗ್ರಾಫಿಕ್ ಕಾದಂಬರಿ ಎನ್ನುತ್ತಾರೆ ಎಂದು ಅಕ್ಕವ್ವ ನನಗೆ ತಿಳಿಸಿ ಹೇಳಿದಳು. "ಆಯಿ, ನಿಮ್ಮ ಕಾಲದಾಗ ಇಂಥಾವು ಇದ್ವೇನ? ನೀ ಓದಿಯೇನ?" ಎಂದು ತಮ್ಮಣ್ಣ ಕೇಳಿದ. ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಇಲ್ಲ ಅನ್ನಲಿಲ್ಲ, ಹೌದು ಅಂತಲೂ ಅನ್ನಲಿಲ್ಲ. ಎದುರಿಗೆ ಕೂತವರಿಗೆ ಹೇಳಲು ನನಗೆ ಎಂದೂ ಮಾತು ಬರುವುದಿಲ್ಲ, ಅದು ನಿಮಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಓದಿದ್ದೇನೆ. ಓದಬಾರದ ಕಾಲದಲ್ಲಿ ಓದಿದ್ದೇನೆ.

ನಿಮ್ಮ ಅಜ್ಜ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಕೆಲಸಕ್ಕಿದ್ದರು. ವಾರವೆಲ್ಲ ಅಲ್ಲಿನ ಕ್ವಾರ್ಟರ್ಸಿನಲ್ಲಿ ಇದ್ದು ಶನಿವಾರ ಸಂಜೆ ಕುಷ್ಟಗಿಗೆ ಬಂದು, ಅಲ್ಲಿಂದ ಟಂಟಂನಲ್ಲಿ ನಮ್ಮ ಹಳ್ಳಿಗೆ ಬರುತ್ತಿದ್ದರು. 1997ರ ಬೇಸಿಗೆಯಲ್ಲಿ ಜ್ವರ ಬಂದು ಅಲ್ಲಿಯೇ ತೀರಿಕೊಂಡರು. ಉತ್ತರಕ್ರಿಯೆ ಮುಗಿದ ಮೇಲೆ ಕಚೇರಿಯ ಜವಾನರೊಬ್ಬರು ಅವರ ಟ್ರಂಕು ತಂದು ಕಟ್ಟೆಯ ಮೇಲೆ ಇಳಿಸಿ, ಚಹಾ ಸಹ ಕುಡಿಯದೆ ಹೋದರು.

ಮೇಲೆ ಎರಡು ಅಂಗಿ, ಒಂದು ಟವೆಲು, ಕ್ಷೌರದ ಸಾಮಾನು ಇದ್ದವು. ಅದರ ಕೆಳಗೆಲ್ಲ ಚಿತ್ರಕಥೆಗಳು. ತೆಳುವಾದ ಬಣ್ಣದ ಪುಸ್ತಕಗಳು, ಮಕ್ಕಳ ಮಾಸಪತ್ರಿಕೆಗಳು, ವಾರಪತ್ರಿಕೆಯಿಂದ ಕತ್ತರಿಸಿ ಸೂಜಿದಾರದಿಂದ ಹೊಲಿದ ಹಾಳೆಗಳು. ಆಗ ಇಂಥವು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟಿರುತ್ತಿದ್ದವು. ಹೊಸಪೇಟೆಯಲ್ಲಿ ಬಸ್ಸು ಕಾಯುತ್ತ ಕೊಂಡಿರಬೇಕು.

ಅವರು ಓದುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಅಂಥದೊಂದು ತಂದು, "ನೋಡ, ನಗು ಬರ್ತೈತಿ" ಎಂದು ನನ್ನ ಮುಂದೆ ಹಿಡಿದಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. "ನೀವೇನ ಸಣ್ಣ ಹುಡುಗರೇನ್ರಿ" ಅಂದೆ. ಅವರು ನಕ್ಕು ಚೀಲದಲ್ಲಿ ಇಟ್ಟುಕೊಂಡರು. ಆಮೇಲೆ ಮನೆಗೆ ತರಲಿಲ್ಲ. ಹನ್ನೆರಡು ವರ್ಷ ಅವರು ಒಬ್ಬರೇ ಓದಿಕೊಂಡು ಒಬ್ಬರೇ ನಕ್ಕಿದ್ದಾರೆ. ಇದು ನೆನಪಾದಾಗಲೆಲ್ಲ ನನ್ನ ಕೈ ಕೆಲಸ ನಿಂತುಬಿಡುತ್ತದೆ.

ನನ್ನ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಮಗ ಹೋದ ಮೇಲೆ ಊಟ ಬಿಟ್ಟಿದ್ದರು. ಬೇಕೆಂದು ಬಿಟ್ಟಿದ್ದಲ್ಲ. ತುತ್ತು ಬಾಯಿಗಿಟ್ಟರೆ ಒಳಗೆ ಇಳಿಯುತ್ತಿರಲಿಲ್ಲ. ಮೂಲೆಯಲ್ಲಿ ಕೌದಿ ಹಾಸಿಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದರು. ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದರು. ಇನ್ನೊಂದು ಸಾವು ನಮ್ಮ ಮನೆಯ ಬಾಗಿಲಲ್ಲೇ ನಿಂತಿದೆ ಎಂದು ನಾನು ದಿನವೂ ಹೆದರುತ್ತಿದ್ದೆ.

ಟ್ರಂಕು ತೆಗೆದ ದಿನ ಅವರು ಅಲ್ಲಿಂದಲೇ ಕೇಳಿದರು. "ಏನವ ಅವು? ಕಚೇರಿ ಕಾಗದನ?"

"ಅಲ್ರಿ ಅತ್ತಿ. ಚಿತ್ರದ ಕತಿ ಪುಸ್ತಕ."

"ನನ್ನ ಮಗ ಓದತಿದ್ದನ?"

"ಹೂಂ ಅನಸ್ತೈತ್ರಿ."

"ಹಂಗಾರ ಓದು. ಏನ ಓದತಿದ್ದ ಅಂತ ನನಗೂ ತಿಳೀಲಿ."

ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಪಾಠದ ಪುಸ್ತಕ ಗೊತ್ತು, ಇದರ ರೀತಿ ಗೊತ್ತಿರಲಿಲ್ಲ. ಮೊದಲು ಕೈಗೆ ಬಂದದ್ದು ಒಬ್ಬ ಕಳ್ಳನ ಕಥೆ. ಕಿರೀಟ ಕದಿಯಲು ಅರಮನೆಗೆ ನುಗ್ಗಿದವನು ಅಡುಗೆಮನೆಯ ವಾಸನೆಗೆ ಮರುಳಾಗಿ, ಅಡುಗೆಯವನೆಂದು ಸುಳ್ಳು ಹೇಳಿ ಅಲ್ಲಿಯೇ ಉಳಿಯುತ್ತಾನೆ. ರಾಜನಿಗೆ ಬಡಿಸುತ್ತ ನಿಂತಿದ್ದ ಅವನ ತಲೆಯ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿದೆ: "ಈ ಮುದುಕ ಮಲಗಲಿ, ಕಿರೀಟ ನನ್ನದೇ."

ಅತ್ತೆ ತಡೆದರು. "ರಾಜನ ಮುಂದನ ಹಂಗಂದನೇನ?"

"ಹೂಂರಿ, ಹಂಗ ಬರದಾರ."

"ಆ ರಾಜಗ ಕಿವಿ ಇಲ್ಲೇನ? ಮತ್ತ ಒದ್ದು ಹೊರಗ ಹಾಕಬೇಕಲ್ಲ."

ನಾನು ಮತ್ತೆ ಮತ್ತೆ ನೋಡಿದೆ. ರಾಜ ನಗುನಗುತ್ತ ಊಟ ಮಾಡುತ್ತಿದ್ದಾನೆ. ಆಗ ಆರನೆಯ ತರಗತಿಯಲ್ಲಿದ್ದ ನಿಮ್ಮ ಅವ್ವ ಜಡೆ ಹೆಣೆದುಕೊಳ್ಳುತ್ತ ಬಂದು ಇಣುಕಿದಳು. "ಅದು ಮಾತಲ್ಲಬೇ. ಸಣ್ಣ ಸಣ್ಣ ಗುಳ್ಳಿ ಬಂದು ಮೋಡ ಆಗೈತಿ ನೋಡು, ಅದು ಮನಸಿನಾಗಿಂದು. ಬಾಲ ಇದ್ದರಷ್ಟ ಬಾಯಿ ಮಾತು."

"ಅಂದ್ರ ಇಷ್ಟೊತ್ತು ಇಕಿ ಎಲ್ಲಾರ ಮನಸಿನಾಗಿಂದು ಒದರಿಬಿಟ್ಲು" ಎಂದರು ಅತ್ತೆ. "ಬಾಯಾಗ ಮಾತಿಲ್ಲದಾಕಿ, ಮಂದಿ ಗುಟ್ಟೆಲ್ಲ ಬಯಲ ಮಾಡಿದ್ಲು."

ಹಾಗೆಂದು ಅವರು ನಕ್ಕರು. ಮಗ ಹೋದ ಮೇಲೆ ಮೊದಲ ಸಲ. ನನಗೂ ನಗು ಬಂತು. ಬಂದ ಕೂಡಲೇ ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಅಂದು ಅತ್ತೆ ಅರ್ಧ ರೊಟ್ಟಿ ಉಂಡರು.

ಮರುದಿನ ತಾವೇ "ಕಳ್ಳ ಏನ ಮಾಡಿದ?" ಎಂದರು. ತಟ್ಟೆ ಅವರ ಮುಂದಿಟ್ಟು ನಾನು ಪುಸ್ತಕ ತೆಗೆಯುತ್ತಿದ್ದೆ. ಚಿತ್ರವನ್ನು ಅವರ ಕಡೆ ತಿರುಗಿಸಿ ತೋರಿಸಬೇಕಾಗಿತ್ತು. ಅವರಿಗೆ ಅಕ್ಷರ ಬರದಿದ್ದರೂ ಚಿತ್ರ ಚೆನ್ನಾಗಿ ತಿಳಿಯುತ್ತಿತ್ತು. ಅವರ ತವರಿನಲ್ಲಿ ಮಳೆ ಬರಲೆಂದು ತೊಗಲುಗೊಂಬೆ ಆಡಿಸುತ್ತಿದ್ದರಂತೆ. "ಪರದೆ ಮ್ಯಾಲ ನೋಡಿದ್ದ ಇದು. ಅಲ್ಲಿ ಗೊಂಬಿ ಹಿಂದ ಗೊಂಬಿ ಬರತಾವು, ಇಲ್ಲಿ ಸಾಲಾಗಿ ನಿಂತಾವು" ಎನ್ನುತ್ತಿದ್ದರು. ಚಿತ್ರಕಥೆಯ ಇತಿಹಾಸ ಎಂದು ನನಗೆ ಗೊತ್ತಿರುವುದು ಇಷ್ಟೇ. ಹಿರೇಬೆಣಕಲ್ ಗುಡ್ಡದ ಬಂಡೆಯ ಮೇಲೆ ಯಾರೋ ಕೆಂಪು ಮಣ್ಣಿನಲ್ಲಿ ಬೇಟೆಯ ಸಾಲು ಬರೆದರು. ಗೊಂಬೆಯವರು ತೊಗಲಿನ ಮೇಲೆ ಬರೆದರು. ಆಮೇಲೆ ಅಚ್ಚಿನವರು ಕಾಗದದ ಮೇಲೆ ಬರೆದು, ಮಾತನ್ನೂ ಅದರೊಳಗೆ ಬರೆದುಬಿಟ್ಟರು, ಆಡಿಸುವವರು ಬೇಕಾಗಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಆಡಿಸುವವಳು ಬೇಕಾದಳು.

ಪುರಾಣದ ಕಥೆಗಳಿದ್ದವು, ಪತ್ತೇದಾರರ ಕಥೆಗಳಿದ್ದವು. ಅತ್ತೆಗೆ ಕಳ್ಳನೇ ಬೇಕು. ಆ ಕಥೆ ಒಂದು ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಸಂಚಿಕೆಗಳನ್ನು ನಿಮ್ಮ ಅಜ್ಜ ಸಾಲಾಗಿ ಜೋಡಿಸಿಟ್ಟಿದ್ದರು.

ಸಾವಾದ ಮನೆಗೆ ಮಾತಾಡಿಸಲು ಬರುವ ಪದ್ಧತಿ ನಿಮಗೆ ಗೊತ್ತಿದೆ. ಬಂದ ಹೆಂಗಸರು ಮನೆಯವರ ಕೊರಳು ತಬ್ಬಿ, ಸತ್ತವರ ಗುಣಗಳನ್ನು ಹಾಡಿ ಹಾಡಿ ಅಳುತ್ತಾರೆ. ಎಷ್ಟು ಸಲ ಯಾರು ಬಂದರೂ ಮನೆಯವರು ಅವರ ಜೊತೆ ದನಿ ಎತ್ತಿ ಅಳಬೇಕು. ವರ್ಷ ತುಂಬುವವರೆಗೆ ಹಬ್ಬವಿಲ್ಲ, ಒಗ್ಗರಣೆಯ ಸಪ್ಪಳವೂ ಓಣಿಗೆ ಕೇಳಬಾರದು ಎನ್ನುವಷ್ಟು ನಿಯಮ. ಆ ಮನೆಯಲ್ಲಿ ನಾವಿಬ್ಬರು ನಗುತ್ತಿದ್ದೆವು. ರಾತ್ರಿ ಮಲಗುವಾಗ ನಿಮ್ಮ ಅಜ್ಜನ ಫೋಟೋದ ಕಡೆ ಮುಖ ಮಾಡುತ್ತಿರಲಿಲ್ಲ. ಆದರೂ ಬೆಳಿಗ್ಗೆ ಅತ್ತೆಯ ತಟ್ಟೆ ಖಾಲಿಯಾಗುವುದನ್ನು ನೋಡಿ ಮತ್ತೆ ಪುಸ್ತಕ ತೆಗೆಯುತ್ತಿದ್ದೆ.

ಒಂದು ದಿನ ಕಳ್ಳ ತುಪ್ಪದ ಗಡಿಗೆಯಲ್ಲಿ ಕೈ ಸಿಕ್ಕಿಸಿಕೊಂಡಿದ್ದ. ಕೈ ಹೊರಬರುತ್ತಿಲ್ಲ, ರಾಜ ಬಾಗಿಲಲ್ಲಿ ನಿಂತಿದ್ದಾನೆ, ಗಡಿಗೆಯನ್ನು ಬೆನ್ನ ಹಿಂದೆ ಹಿಡಿದು ಕೈಮುಗಿಯಲು ನೋಡುತ್ತಿದ್ದಾನೆ. ಅತ್ತೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿ ಬಿಟ್ಟ ಸಪ್ಪಳ. ನೀವು ಯಲಬುರ್ಗಾದ ಆಯಿ ಎನ್ನುವ ನನ್ನ ನಾದಿನಿ, ನಿಮ್ಮ ಅಜ್ಜನ ಅಕ್ಕ, ಬೆಳಗಿನ ಬಸ್ಸಿಗೆ ಬಂದಿದ್ದರು. ನನ್ನ ಕೈಯಲ್ಲಿದ್ದ ಮೂರು ಸಂಚಿಕೆಗಳನ್ನು ಅತ್ತೆ ಕಸಿದುಕೊಂಡು ಕೌದಿಯ ಕೆಳಗೆ ತಳ್ಳಿ, ಅದರ ಮೇಲೆ ಸರಿದು ಕೂತರು.

ನಾದಿನಿ ತಾಯಿಯ ಕೊರಳಿಗೆ ಬಿದ್ದು ಹಾಡಿಕೊಂಡು ಅತ್ತರು. ಅತ್ತೆಯೂ ಅತ್ತರು, ನಿಜವಾಗಿಯೇ ಅತ್ತರು. ನನಗೂ ಅಳು ಬಂತು. ಮುಖ ಒರೆಸಿಕೊಂಡ ಮೇಲೆ ನಾದಿನಿ ನನ್ನ ಕಡೆ ತಿರುಗಿದರು.

"ಓಣಿ ತುದಿಗೆ ನಗು ಕೇಳತಿತ್ತು. ಬ್ಯಾರೆದಾರ ಮನಿ ಅನಕೊಂಡು ಮುಂದ ಹೊಂಟಿದ್ದೆ."

ಬಾಯಿ ತೆರೆದ ಟ್ರಂಕು ಅವರ ಕಣ್ಣಿಗೆ ಬಿತ್ತು.

"ಇವು ನನ್ನ ತಮ್ಮನವೇನ? ಅರಿವಿ ಹಾಸಿಗಿ ಎಲ್ಲಾ ಹೊಳಿಗೆ ಬಿಟ್ಟೇವಿ, ಇವನ್ಯಾಕ ಇಟಗೊಂಡು ಕುಂತೀರಿ? ಸತ್ತವರು ಮುಟ್ಟಿದ್ದು ಮನ್ಯಾಗ ಇದ್ರ ಅವರ ಜೀವ ಇಲ್ಲೇ ಸುತ್ತತೈತಿ. ಅವ್ವಗ ತಿಳೀಲಿಲ್ಲ, ನೀ ಸಾಲಿ ಕಲತಾಕಿ, ನಿನಗರ ತಿಳೀಬಾರದ?"

ಅವನ್ನು ಓದಿದರೆ ಅತ್ತೆ ಉಣ್ಣುತ್ತಾರೆ ಎಂದು ಹೇಳಬೇಕಾಗಿತ್ತು. ಇಷ್ಟೇ ಮಾತು. ಅದು ನನ್ನ ತಲೆಯ ಮೇಲೆ ಮೋಡದಲ್ಲಿಯೇ ಉಳಿಯಿತು. ನಾದಿನಿ ಹಳೆಯ ಸೀರೆಯಲ್ಲಿ ಪುಸ್ತಕಗಳನ್ನೆಲ್ಲ ಇಟ್ಟರು, ಗಂಟು ಬಿಗಿಯಾಗಲಿಲ್ಲ. ನಾನೇ ಹೋಗಿ ಗಂಟು ಕಟ್ಟಿಕೊಟ್ಟೆ.

ಅತ್ತೆ ಕೂತಲ್ಲಿಂದ ಏಳಲಿಲ್ಲ. ಅಲ್ಲಿಯೇ ಉಂಡರು, ಅಲ್ಲಿಯೇ ಚಹಾ ಕುಡಿದರು. ನಾದಿನಿ ಅದನ್ನು ನೋಡಿ ಮತ್ತೆ ಕಣ್ಣೀರು ಹಾಕಿದರು. "ನೋಡು, ಅವ್ವ ಕುಂತ ಜಾಗ ಬಿಟ್ಟು ಏಳವಲ್ಲಳು. ದುಃಖ ಅಕಿನ್ನ ಹೆಂಗ ಹಿಡದೈತಿ." ಸಂಜೆ ಅವರು ಗಂಟು ಹೊತ್ತು ಹೋದರು, ಮರುದಿನ ಮುನಿರಾಬಾದಿಗೆ ಹೋಗಿ ಹೊಳೆಗೆ ಬಿಡುವುದಾಗಿ ಹೇಳಿ. ಬಸ್ಸಿನ ಸಪ್ಪಳ ದೂರವಾದ ಮೇಲೆ ಅತ್ತೆ ಕೈಚಾಚಿದರು.

"ಎಬ್ಬಸವಾ. ಕಾಲು ಜೋಮ ಹಿಡದಾವು."

ಕೌದಿಯ ಕೆಳಗಿಂದ ಆ ಮೂರು ಸಂಚಿಕೆ ತೆಗೆದರು. ಅವು ಬೆಚ್ಚಗಿದ್ದವು.

ಮೂರನೆಯದರ ಕೊನೆಯ ಪುಟದಲ್ಲಿ ರಾಜ ಬಾಗಿಲಲ್ಲಿ ನಿಂತಿದ್ದ. ಮುಂದಿನದು ಗಂಟಿನಲ್ಲಿ ಹೋಗಿತ್ತು. ಎರಡು ದಿನ ಹಳೆಯದನ್ನೇ ಓದಿದೆ. ಮೂರನೆಯ ದಿನ ಅತ್ತೆ ತಟ್ಟೆ ಸರಿಸಿದರು. "ಸಾಕವಾ, ಇಳೀವಲ್ದು." ಬಳೆ ಮತ್ತೆ ಮೊಣಕೈಗೆ ಜಾರುವುದನ್ನು ನಾನು ನೋಡಲಾರದೆ ಹೋದೆ. ಪುಸ್ತಕ ತೆರೆದು ಅದರಲ್ಲಿಲ್ಲದ್ದನ್ನು ಓದತೊಡಗಿದೆ. ರಾಜ ಒಳಗೆ ಬಂದು, ಬೆನ್ನ ಹಿಂದೇನು ಎಂದು ಕೇಳಿದ. ತಮಗೆಂದು ಹೊಸ ಅಡುಗೆ ಮಾಡುತ್ತಿದ್ದೇನೆ ಎಂದ ಕಳ್ಳ. ಯಾವ ಅಡುಗೆ? ಅತ್ತೆಯ ತಟ್ಟೆಯಲ್ಲಿದ್ದದ್ದು ಕಣ್ಣಿಗೆ ಬಿತ್ತು. ಪುಂಡಿಪಲ್ಯ ಎಂದೆ.

"ಅರಮನ್ಯಾಗೂ ಪುಂಡಿಪಲ್ಯನ?"

"ಹೂಂರಿ. ರಾಜಗ ಭಾಳ ಸೇರಿತಂತ."

ಅತ್ತೆ ಒಂದು ತುತ್ತು ಮುರಿದರು. ಆಮೇಲೆ ದಿನವೂ ನಮ್ಮ ಮನೆಯಲ್ಲಿ ಆದ ಅಡುಗೆಯೇ ಅರಮನೆಯಲ್ಲೂ ಆಯಿತು. ಮಗ ಓದಿದ ಕಥೆ ಎಂದು ಅವರು ಕೇಳುತ್ತಿದ್ದಾರೆ, ನಾನು ನನ್ನದನ್ನು ಅವರ ಮಗನ ಹೆಸರಿನಲ್ಲಿ ಉಣಿಸುತ್ತಿದ್ದೇನೆ ಎಂದು ನಾನು ಪುಸ್ತಕದಿಂದ ಕಣ್ಣೆತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರು ಕಣ್ಣುಮುಚ್ಚಿ ಕೇಳುತ್ತಿದ್ದವರು, "ಹಾಳಿ ತಿರುವು" ಎಂದರು.

"ಏನ್ರಿ ಅತ್ತಿ?"

"ಭಾಳ ದಿನ ಆತು, ಒಂದ ಹಾಳ್ಯಾಗ ಕುಂತಿ. ಯಾರರ ನೋಡಿದ್ರ ಏನಂದಾರು? ತಿರುವುತ ಹೇಳು."

ಹಾಳೆ ತಿರುವಿದೆ. "ರಾಜ ಇವತ್ತ ಏನ ಉಂಡ?" ಎಂದು ಅವರು ತಟ್ಟೆ ಹತ್ತಿರ ಎಳೆದುಕೊಂಡರು.

ವರ್ಷ ತುಂಬಿದ ಮೇಲೆ ಓಣಿಯ ಹೆಂಗಸರೊಂದಿಗೆ ಹೇಮಗುಡ್ಡದ ದೇವಿಯ ದರ್ಶನಕ್ಕೆ ಹೋದೆ. ಬರುವಾಗ ಗಂಗಾವತಿ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯ ಮುಂದೆ ಬಹಳ ಹೊತ್ತು ನಿಂತು, ಕೊನೆಗೆ ಆ ಪತ್ರಿಕೆಯ ಹಳೆಯ ಸಂಚಿಕೆ ಕೇಳಿದೆ. "ಯಾವ ಕ್ಲಾಸ್ ಹುಡುಗರಿಗಮ್ಮ?" ಎಂದ ಅಂಗಡಿಯವನು. ಏಳನೇ ಕ್ಲಾಸು ಎಂದೆ. "ಅದು ನಿಂತುಹೋಯ್ತಮ್ಮ. ಈಗ ಎಲ್ಲಾರ ಮನ್ಯಾಗ ಟಿವಿ ಬಂದೈತಲ್ಲ, ಇವನ್ನ ಯಾರು ಕೇಳ್ತಾರ?" ನಿಜವಾದ ಕೊನೆ ನನಗೆ ಸಿಗಲೇ ಇಲ್ಲ. ಕೆಲವು ವರ್ಷಗಳಲ್ಲಿ ಆ ಹಗ್ಗ, ಕ್ಲಿಪ್ಪುಗಳೂ ಹೋದವು, ಅಲ್ಲಿ ಮೊಬೈಲಿನ ಕವರುಗಳು ತೂಗಾಡಿದವು.

ಯಾವುದು ಓದಲು ಯೋಗ್ಯ ಎಂದು ಅಕ್ಕವ್ವ ಕೇಳಿದ್ದಳು. ನೀವು ಬಿಟ್ಟುಹೋದ ಪುಸ್ತಕಗಳನ್ನು ನೀವು ಹೋದ ಮೇಲೆ ಓದಿದೆ. ಬರೀ ಹೊಡೆದಾಟದ್ದು ಬೇಗ ಮುಗಿಯಿತು, ಏನೂ ಉಳಿಯಲಿಲ್ಲ. ಅಣೆಕಟ್ಟಿನ ನೀರಿಗೆ ಊರು ಮುಳುಗುವ ಕಥೆಯಲ್ಲಿ ನಾಲ್ಕು ಪುಟ ಒಂದೂ ಮಾತಿಲ್ಲ, ನೀರು ಹೊಸ್ತಿಲು ಏರುವುದಷ್ಟೇ ಇದೆ. ಅಲ್ಲಿ ನಾನು ಒಂದು ಮಧ್ಯಾಹ್ನ ಕೂತೆ. ಅಕ್ಷರ ಮುಗಿದ ಮೇಲೂ ಪುಟ ತಿರುವಲು ಮನಸ್ಸು ಬಾರದಂಥವು ಒಳ್ಳೆಯವು. ಒಬ್ಬರೇ ಓದಬೇಡಿ. ಯಾರಾದರೂ "ನೋಡ, ನಗು ಬರ್ತೈತಿ" ಎಂದು ಮುಂದೆ ಹಿಡಿದರೆ ಕೈ ತೊಳೆದುಕೊಂಡು ಬಂದು ನೋಡಿ.

ನಿಮ್ಮ ಮುತ್ತಜ್ಜಿ ಆಮೇಲೆ ಒಂಬತ್ತು ವರ್ಷ ಬದುಕಿದರು, ಉಂಡು ಬದುಕಿದರು. ಯಲಬುರ್ಗಾದ ಆಯಿ ಇಂದಿಗೂ ನಾನು ಸಿಕ್ಕಾಗಲೆಲ್ಲ, "ನನ್ನ ತಮ್ಮನ ಪುಸ್ತಕೆಲ್ಲ ನಾನ ಹೊಳಿಗೆ ಬಿಟ್ಟೆ, ಅವನ ಜೀವ ಸಮಾಧಾನ ಆತು" ಎನ್ನುತ್ತಾರೆ. ಆ ನಂಬಿಕೆಯಿಂದಲೇ ಅವರು ತಮ್ಮನಿಲ್ಲದ ಇಷ್ಟು ವರ್ಷ ಕಳೆದಿದ್ದಾರೆ. ನಾನು ತಲೆಯಾಡಿಸುತ್ತೇನೆ. ಆ ಮೂರು ಸಂಚಿಕೆ ನನ್ನ ಸೀರೆಗಳ ಅಡಿಯಲ್ಲಿವೆ. ಈ ಹಾಳೆಗಳನ್ನು ಅವುಗಳ ನಡುವೆ ಇಡುತ್ತೇನೆ. ಯಲಬುರ್ಗಾದ ಆಯಿ ಇರುವವರೆಗೆ ಹೊರಗೆ ತೆಗೆಯಬೇಡಿ, ಅವರ ಮನಸ್ಸು ನೋಯುತ್ತದೆ. ಆಮೇಲೆ ನೀವೇ ಇಟ್ಟುಕೊಳ್ಳಿ. ಗೆದ್ದಲು ಬರದ ಹಾಗೆ ಬೇವಿನೆಲೆ ಹಾಕಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಸಿಲು ತೋರಿಸಿ.