ಚೀಟಿ ಹೇಳಿದ ಮನೆಗೆ ಹಾಲು

ಬೆಳಗಿನ ಐದೂವರೆ. ಮುಂಬೈಯ ಮಲಾಡಿನ ಏಳು ಮಹಡಿಯ ಬಿಲ್ಡಿಂಗಿನಲ್ಲಿ ಲಿಫ್ಟ್ ಕೆಳಗಿಳಿಯುವಷ್ಟರಲ್ಲಿ ಚನ್ನವ್ವ ಎರಡು ಮಹಡಿಗೆ ಹಾಲು ಹಾಕಿ ಮುಗಿಸಿರುತ್ತಾರೆ. ಬಾಗಿಲಿಗೆ ತೂಗುವ ಚೀಲದಲ್ಲಿ ಕೈಯಾಡಿಸುವುದು, ಪ್ಯಾಕೆಟ್ ಇಳಿಸುವುದು, ಮುಂದಿನ ಬಾಗಿಲು. 302ರ ಚೀಲದಲ್ಲಿ ಇಂದು ಒಂದು ಚೀಟಿ ಸಿಗುತ್ತದೆ. ಅದರಲ್ಲಿ '504' ಎಂದಷ್ಟೇ ಇದೆ. ಮನೆಯವರು ಊರಿಗೆ ಹೋಗಿದ್ದಾರೆ, ಅವರ ಹಾಲು 504ಕ್ಕೆ ಹೋಗಬೇಕು ಎಂದರ್ಥ. ಚನ್ನವ್ವ ಚೀಟಿಯನ್ನು ಇದ್ದಲ್ಲೇ ಬಿಟ್ಟು ಮೆಟ್ಟಿಲು ಹತ್ತುತ್ತಾರೆ.

"ಚೀಟಿ ತೆಗೀಬಾರದ್ರಿ. ನಾಳೆ ಮತ್ತ ಓದಬೇಕಲ್ಲ," ಎನ್ನುತ್ತಾರೆ.

ದಿನಕ್ಕೆ ತೊಂಬತ್ತಾರು ಬಾಗಿಲು, ವರ್ಷಕ್ಕೆ ಒಂದು ದಿನವೂ ರಜೆಯಿಲ್ಲ, ಹೀಗೆ ಹನ್ನೊಂದು ವರ್ಷ. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದ ಚನ್ನವ್ವ ಓದಿದ್ದು ಏಳನೇ ಇಯತ್ತೆ. ಕೆಲಸಕ್ಕೆ ಸೇರಿದ ಮೊದಲ ವಾರದ ಪಜೀತಿಯನ್ನು ಅವರೇ ನಗುತ್ತಾ ಹೇಳುತ್ತಾರೆ: "ಚೀಟಿ ನೋಡಲಾರದ ಮೂರು ದಿನದ ಹಾಲು ಅದ ಚೀಲದಾಗ ತುಂಬಿದ್ದೆ. ಪ್ಯಾಕೀಟು ಒಡದು ಚೀಟಿ ತೊಯ್ದು ಹೋತು. ಹಾಲೂ ಹಾಳಾತು, ಯಾರಿಗೆ ಕೊಡಬೇಕಿತ್ತು ಅನ್ನೂದೂ ತಿಳೀಲಿಲ್ಲ."

ಆ ಹಾಳಾದ ಹಾಲಿನ ಹುಳಿವಾಸನೆ ಮುಂದೊಂದು ದಿನ ಕಂಪ್ಯೂಟರಿನ ಮುಂದೆ ಕೈಹಿಡಿಯುತ್ತದೆಂದು ಯಾರಿಗೆ ಗೊತ್ತಿತ್ತು!

ಅದೇ ಬಿಲ್ಡಿಂಗಿನ ಸೊಸೈಟಿ ಆಫೀಸಿನ ಹಿಂದಿನ ಕೋಣೆಯಲ್ಲಿ ನಾಲ್ಕು ಹಳೇ ಕಂಪ್ಯೂಟರು, ಪ್ರತಿ ಭಾನುವಾರ ಹನ್ನೆರಡು ಕನ್ನಡ ಹೆಣ್ಣುಮಕ್ಕಳು; ಅವರಲ್ಲಿ ಚನ್ನವ್ವನವರೂ ಒಬ್ಬರು. ಕಲಿಸುತ್ತಿದ್ದವರು ನೇತ್ರಾ. ಹೊಸಬರಿಗೆಂದೇ ಮಾಡಿದ ಸರಳ ಪ್ರೋಗ್ರಾಮಿಂಗ್ ಭಾಷೆಯ ಪಾಠ ಅದು. ವಿಕ್ರೋಳಿಯಲ್ಲಿ ನೇತ್ರಾಗೆ ಭಾನುವಾರವೂ ಬಿಡುವಿಲ್ಲದ ನೌಕರಿ ಸಿಕ್ಕಿತು. ನಿಮ್ಮಲ್ಲೇ ಒಬ್ಬರು ಕೊನೆಯ ಪಾಠ ಬಿಡಿಸಿ ಉಳಿದವರಿಗೂ ತಿಳಿಸಿಕೊಟ್ಟರೆ ವರ್ಗ ಅವರದು, ಇಲ್ಲವಾದರೆ ಕೋಣೆಗೆ ಬೀಗ ಎಂದು ಅವರು ಹೇಳಿಬಿಟ್ಟರು. ಚನ್ನವ್ವನವರಿಗೆ ಇಡೀ ವಾರದಲ್ಲಿ ತಮ್ಮದೆನ್ನುವ ಎರಡೇ ತಾಸು ಅದಾಗಿತ್ತು.

ಪಾಠವೋ ಕಬ್ಬಿಣದ ಕಡಲೆ. ವೇರಿಯಬಲ್ ಎಂದರೆ ಹೆಸರು ಹಚ್ಚಿದ ಡಬ್ಬಿ. 'ಚೀಟಿ' ಎಂಬ ಡಬ್ಬಿಯೊಳಗೆ ಇನ್ನೊಂದು ಡಬ್ಬಿಯ ಹೆಸರಿದೆ: 'ಸಕ್ಕರೆ'. ಚೀಟಿ ಹೇಳಿದ ಡಬ್ಬಿಯಲ್ಲಿ ಐದು ಎಂಬ ಅಂಕಿ ಹಾಕಬೇಕು. ಎರಡು ವಾರ ಹನ್ನೆರಡು ಜನರೂ ಐದನ್ನು ಚೀಟಿಯಲ್ಲೇ ಹಾಕಿದರು. ಸಕ್ಕರೆ ಡಬ್ಬಿ ಖಾಲಿಯೇ ಉಳಿಯಿತು, ಚೀಟಿಯಲ್ಲಿದ್ದ ಹೆಸರೂ ಅಳಿಸಿಹೋಯಿತು.

ಮೂರನೇ ಭಾನುವಾರ ಚನ್ನವ್ವ ಆ ಅಳಿಸಿಹೋದ ಹೆಸರನ್ನು ನೋಡುತ್ತಾ ಕೂತರು. ಮೂಗಿಗೆ ಹುಳಿಹಾಲಿನ ವಾಸನೆ ಬಡಿದಂತಾಯಿತು. "ಅಯ್ಯ, ನಾವು ಚೀಟಿ ಮ್ಯಾಲ ಹಾಲು ಸುರೀಲಿಕತ್ತೇವಿ," ಎಂದವರೇ ಒಂದೊಂದೇ ಕೀಲಿ ಒತ್ತಿದರು: ಮೊದಲು ಚೀಟಿ ಓದು, ಅದು ಹೇಳಿದಲ್ಲಿ ಐದು ಹಾಕು. ಪರದೆಯ ಮೇಲೆ ಸಕ್ಕರೆಯಲ್ಲಿ ಐದು ಬಂತು. ಚೀಟಿಯಲ್ಲಿ ಹೆಸರು ಹಾಗೇ ಇತ್ತು.

ಅಷ್ಟಕ್ಕೇ ನಿಲ್ಲಲಿಲ್ಲ ಈ ಗಟ್ಟಿಗಿತ್ತಿ. ಕಿಟಕಿಯ ಸರಳುಗಳಿಗೆ ಹಾಲಿನ ಚೀಲಗಳನ್ನು ಕಟ್ಟಿ, ಒಂದರಲ್ಲಿ '3' ಎಂದು ಬರೆದ ಚೀಟಿಯಿಟ್ಟು, ಜೊತೆಗೆ ಕಲಿಯುತ್ತಿದ್ದ ಹನುಮವ್ವನ ಕೈಗೆ ಖಾಲಿ ಪ್ಯಾಕೆಟ್ ಕೊಟ್ಟು ನಡೆಸಿದರು. ಹನುಮವ್ವ ಚೀಟಿ ಓದಿ ಮೂರನೇ ಚೀಲಕ್ಕೆ ಹಾಕಿ, "ಇಷ್ಟನ?" ಎಂದರು. ಇಪ್ಪತ್ತೇ ನಿಮಿಷದಲ್ಲಿ ಹನ್ನೆರಡು ಜನರ ಲೆಕ್ಕವೂ ಸರಿಬಂತು. ಕೋಣೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

"ಮಾವಶಿ, ನಾನು ಎರಡು ಹಫ್ತಾ ಬೋರ್ಡ್ ಮೇಲೆ ಗೀಚಿದ್ದು ನೀವು ನಾಲ್ಕು ಚೀಲದಲ್ಲಿ ಮುಗಿಸಿಬಿಟ್ರಿ," ಎಂದು ನೇತ್ರಾ, ಮರಾಠಿಯವರು ಚಿಕ್ಕಮ್ಮನನ್ನು ಕರೆಯುವಂತೆ ಕರೆದು, ಕೋಣೆಯ ಕೀಲಿಕೈಯನ್ನು ಅವರ ಅಂಗೈಗಿಟ್ಟರು.

ಈಗ ವರ್ಗಕ್ಕೆ ಹತ್ತೊಂಬತ್ತು ಜನ ಬರುತ್ತಾರೆ. ಹಾಲು ಹಾಕಿ, ಮುಖ ತೊಳೆದು, ಚನ್ನವ್ವನವರೇ ಬೀಗ ತೆಗೆಯುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ.

"ಬೋರ್ಡಿನ ಮ್ಯಾಲ ಅಕ್ಷರ ಸೊಟ್ಟ ಬರ್ತಾವ್ರಿ, ಅದೊಂದು ನೆಟ್ಟಗಾಗಬೇಕು. ಆದ್ರ ನನ್ನ ಕ್ಲಾಸಿನ್ಯಾಗ ಒಂದು ಹನಿ ಹಾಲೂ ಹಾಳಾಗೂದಿಲ್ಲ."