ಕೇಳದೆ ಮೀಸೆ ಮುಟ್ಟದ ನಿಧಾನಣ್ಣ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ, ಏಳನೇ ಹಾಸಿಗೆಯ ಬಸ್ ಡ್ರೈವರ್ ಮುಖದ ತುಂಬಾ ಸೋಪಿನ ನೊರೆ. ಎದುರಿಗೆ ಕ್ಷೌರಿಕ ಕತ್ತಿ ಎತ್ತಿ ಹಿಡಿದು ನಿಂತಿದ್ದಾರೆ. "ಮೀಸೆ ತೆಗಿಲಾ, ಡ್ರೈವರ್ ಸಾಹೇಬ್ರೇ?"

ಹತ್ತೊಂಬತ್ತು ದಿನಗಳ ಹಿಂದೆ ಪಾರ್ಶ್ವವಾಯು ಬಡಿದು ಮೆದುಳಿಗೆ ಪೆಟ್ಟಾದಾಗಿನಿಂದ ಡ್ರೈವರ್‌ಗೆ ಹೇಳಿದ್ದೆಲ್ಲ ತಿಳಿಯುತ್ತದೆ, ಮಾತು ಮಾತ್ರ ಹೊರಡುವುದಿಲ್ಲ. ಒಂದೇ ಒಂದು ಮಾತಿಗಾಗಿ ಹಾಸಿಗೆ ಪಕ್ಕದಲ್ಲೇ ಕಾದಿರುವ ಹೆಂಡತಿಗೆ ತಡೆಯಲಾಗುವುದಿಲ್ಲ. "ಇರ್ಲಿ ಬಿಡಣ್ಣ, ಅವರಿಗೆ ಮೀಸೆ ಅಂದ್ರೆ ಪ್ರಾಣ."

"ಅಕ್ಕಾ, ಮೀಸೆ ನಿಮ್ದಾ, ಅವರದಾ?"

ಅಕ್ಕ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಹೀಗೆ ಕಾಯುವುದರಿಂದಲೇ ಇವರಿಗೆ ವಾರ್ಡಿನಲ್ಲಿ ನಿಧಾನಣ್ಣ ಎಂದು ಹೆಸರು. ಕ್ಷೌರಿಕರ ಬಾಯಿಗೆ ಬಿಡುವಿಲ್ಲ ಅನ್ನುತ್ತಾರಲ್ಲ, ಇವರು ತಾವು ಸುಮ್ಮನಿದ್ದು ಬೇರೆಯವರನ್ನು ಮಾತಾಡಿಸುವ ಆಸಾಮಿ. ಹನ್ನೊಂದು ವರ್ಷಗಳಿಂದ ತಮ್ಮ ಅಂಗಡಿ ತೆರೆಯುವ ಮೊದಲು ಇಲ್ಲಿಗೆ ಬರುತ್ತಾರೆ. ಎರಡು ಗಂಟೆಯಲ್ಲಿ ಆರೇ ಗಡ್ಡ. ಅಂಗಡಿಯಲ್ಲಾದರೆ ಹದಿನೈದು ಮುಗಿಯುತ್ತಿತ್ತು. "ಪಾಠ ನನ್ನದು, ಪರೀಕ್ಷೆ ನಿಧಾನಣ್ಣನದು" ಎಂದು ನಗುತ್ತಾರೆ, ರೋಗಿಗಳಿಗೆ ಮಾತು ಅಭ್ಯಾಸ ಮಾಡಿಸುವ ಥೆರಪಿಸ್ಟ್.

ಈ ತಾಳ್ಮೆ ಹುಟ್ಟಿನಿಂದ ಬಂದದ್ದಲ್ಲ ಎನ್ನುತ್ತಾರೆ ನಿಧಾನಣ್ಣ. "ನಮ್ಮಪ್ಪನಿಗೂ ಹೀಗೇ ಆಗಿತ್ತು. ಅವರೂ ಕ್ಷೌರಿಕರೇ, ನನಗೆ ಕತ್ತಿ ಹಿಡಿಯೋದು ಕಲಿಸಿದವರು. ನೀರು ಬೇಕಾ, ಊಟ ಬೇಕಾ ಅಂತ ಕೇಳಿ ಉತ್ತರಾನೂ ನಾನೇ ಹೇಳ್ಬಿಡ್ತಿದ್ದೆ. ನನಗೆ ಅವಸರ ನೋಡಿ. ಒಂದಿನ ಮೀಸೆ ತೆಗಿಲಾ ಅಂದೆ, ಸುಮ್ಮನಿದ್ರು. ಸರಿ ಅಂತ ಬೋಳಿಸ್ಬಿಟ್ಟೆ. ಕನ್ನಡಿ ನೋಡ್ಕೊಂಡು ಅತ್ತೇಬಿಟ್ರು. ಬೇಡ ಅನ್ನೋಕೆ ಒದ್ದಾಡ್ತಿದ್ರು ಅಂತ ಆಮೇಲೆ ಗೊತ್ತಾಯ್ತು."

ಏಳನೇ ಹಾಸಿಗೆಯಲ್ಲಿ ನೊರೆ ಒಣಗುತ್ತಿದೆ. ನಿಧಾನಣ್ಣ ಮತ್ತೆ ಬ್ರಷ್ ಆಡಿಸಿ, ಅದೇ ಪ್ರಶ್ನೆ ಕೇಳಿ, ಕತ್ತಿಯನ್ನು ಮೀಸೆಯ ಹತ್ತಿರ ತರುತ್ತಾರೆ. ಡ್ರೈವರ್ ಕಣ್ಣು ಅಗಲವಾಗುತ್ತದೆ. ತುಟಿ ಅದುರುತ್ತದೆ.

"ಬೇ... ಬೇಡ!"

ಹೆಂಡತಿಗೆ ನಗುವೂ ಅಳುವೂ ಒಟ್ಟಿಗೇ. "ಮೂವತ್ತು ವರ್ಷದಿಂದ ಏನು ಕೇಳಿದ್ರೂ ಬೇಡ, ಬೇಡ. ಕೇಳಿ ಕೇಳಿ ತಲೆ ಕೆಟ್ಟಿತ್ತು. ಇನ್ನೊಂದ್ಸಲ ಹೇಳ್ರೀ!"

"ಬೇಡ!" ಈ ಸಲ ವಾರ್ಡಿಗೆಲ್ಲ ಕೇಳಿಸುತ್ತದೆ. ವರದಿಗೆಂದು ಬಂದ ನಾನು ಆ ಒಂದು ಮಾತನ್ನು ಬರೆದುಕೊಳ್ಳುತ್ತೇನೆ.

ಕತ್ತಿ ಒರೆಸುತ್ತಿದ್ದ ನಿಧಾನಣ್ಣನನ್ನು, ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ. ಅವರು ಕತ್ತಿ ಮಡಚಿ ಪೆಟ್ಟಿಗೆಗೆ ಹಾಕುತ್ತಾರೆ.

"ಅಪ್ಪನದೇ ಕೊನೆ. ಆಮೇಲೆ ಯಾರ ಮೀಸೆನೂ ಕೇಳದೆ ತೆಗೆದಿಲ್ಲ. ಅಷ್ಟು ಬರ್ಕೊಳಿ ಸಾಕು."