ಜಾವಾಕ್ಕೆ ಕಟ್ಟಿದ ಪೆಟ್ಟಿಗೆ

ಹುಬ್ಬಳ್ಳಿಯಲ್ಲಿ ನಾನು ಕಲಿಸುತ್ತಿದ್ದ ಶಾಲೆಯ ಎದುರಿಗೆ ಫೋಟೋ ತೆಗೆಯುವ ಸಾಹೇಬರೊಬ್ಬರ ಅಂಗಡಿಯಿತ್ತು. ಕರಿ ಬಟ್ಟೆಯೊಳಗೆ ತಲೆ ಹಾಕಿ, ಎದುರು ಕೂತವರಿಗೆ "ಉಸುರು ಹಿಡೀರಿ" ಎನ್ನುವರು. ಚಿತ್ರ ಬಿದ್ದ ಮೇಲೆ "ಉಸುರು ಬಿಡ್ರಿ" ಎನ್ನುವರು. ಮುಖಗಳನ್ನು ತೆಗೆದು ತೆಗೆದು ಬೇಸತ್ತ ಅವರಿಗೆ, ಜಾವಾ ದ್ವೀಪಕ್ಕೆ ಹೋಗಿ ಹೊಗೆಯುಗುಳುವ ಜ್ವಾಲಾಮುಖಿಯ ಚಿತ್ರ ತೆಗೆಯುವ ಹುಚ್ಚು ಹತ್ತಿತ್ತು.

ಹಡಗಿನ ಟಿಕೀಟು ಬಂದ ದಿನದಿಂದ ಅವರ ನಿದ್ದೆ ಕೆಟ್ಟಿತು. ಬೂದಿ ಹಾರಿ ಬಂದು ಕ್ಯಾಮರಾದೊಳಗೆ ಕೂತರೆ?

"ಮಾಸ್ತರ, ಗುಡ್ಡಕ್ಕ ಉಸುರು ಹಿಡಿ ಅಂದ್ರ ಹಿಡೀತೈತೇನ್ರಿ?" ಎಂದು ನನ್ನನ್ನು ಕೇಳುವರು.

ಎಲ್ಲಕ್ಕಿಂತ ದೊಡ್ಡ ಚಿಂತೆ, ತಿಂಗಳುಗಟ್ಟಲೆ ಕಾದು ವಿಲಾಯತಿಯಿಂದ ತರಿಸಿದ, ಚಿತ್ರ ಮೂಡುವ ಗಾಜಿನ ಪ್ಲೇಟುಗಳದು. ದಾರಿಯಲ್ಲಿ ಒಡೆದರೆ?

ಹೊರಡಲು ಎರಡು ದಿನವಿರುವಾಗ, ಕತ್ತಲೆ ಕೋಣೆಯಲ್ಲಿ ಕೂತು ಅವನ್ನು ಗರಗದ ಖಾದಿಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದರು. ಪರೀಕ್ಷೆಗೆಂದು ಪೆಟ್ಟಿಗೆಯನ್ನು ಚಕ್ಕಡಿಯಲ್ಲಿಟ್ಟು, ಕಲ್ಲುಹಾದಿ ಹಿಡಿದು ಗೋಪನಕೊಪ್ಪಕ್ಕೆ ಹೋಗಿಬಂದರು. ಅಂಗಡಿಯ ಮುಂದೆ ಇಳಿದವರೇ, ತಡೆಯಲಾರದೆ, ಕಟ್ಟೆಯ ಮೇಲೇ ಪೆಟ್ಟಿಗೆ ಬಿಚ್ಚಿ ಒಂದೊಂದೇ ಗಾಜನ್ನು ಎತ್ತಿ ನೋಡಿದರು.

"ಒಂದೂ ಒಡದಿಲ್ರಿ ಮಾಸ್ತರ!"

ಸುಡುವ ಮಧ್ಯಾಹ್ನದ ಬಿಸಿಲು. ಬೆಳಕು ಸೋಕಿದ ಪ್ಲೇಟು ಮತ್ತೆ ಚಿತ್ರ ಹಿಡಿಯುವುದಿಲ್ಲವೆಂದು ನನಗೆ ಹೇಳಿಕೊಟ್ಟವರೇ ಅವರು. ನಾನು ಉಸಿರು ಹಿಡಿದು ನಿಂತೆ. ನನ್ನ ಮುಖ ನೋಡಿದ ಅವರ ಕೈ ಗಾಳಿಯಲ್ಲೇ ನಿಂತಿತು.

ಹೆಗಲ ಮೇಲಿದ್ದ ಕರಿ ಬಟ್ಟೆಯನ್ನು ತೆಗೆದು, ನಿಧಾನವಾಗಿ, ಸುಕ್ಕಿಲ್ಲದಂತೆ ಪೆಟ್ಟಿಗೆಗೆ ಹೊದಿಸಿದರು.

"ಉಸುರು ಬಿಡ್ರಿ, ಮಾಸ್ತರ" ಎಂದರು.